ಪಾಚಿ ರಕ್ಕಸನ ಬೆನ್ನಿನ ಜಿಪ್ಪು

ಜಿಪ್ಪಕ್ಕನ ಅಂಗಡಿಗೆ ಬೋರ್ಡು ಇಲ್ಲ, ಬೇಕಾಗಿಯೂ ಇಲ್ಲ. ಬ್ಯಾಗಿನ ಬಾಯಿ ಕಿತ್ತುಹೋದವರು, ಕೋಟಿನ ಜಿಪ್ಪು ಅರ್ಧಕ್ಕೆ ಕಚ್ಚಿಕೊಂಡು ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ಒದ್ದಾಡುವವರು, ಬಸ್ ನಿಲ್ದಾಣದ ಹತ್ತಿರ ಯಾರನ್ನು ಕೇಳಿದರೂ ಇಲ್ಲಿಗೇ ಕೈ ತೋರಿಸುತ್ತಾರೆ. ಬಂದವರ ಕೈಯಿಂದ ಅವಳು ಸಾಮಾನು ಕಸಿದುಕೊಳ್ಳುತ್ತಾಳೆ. ಮೇಣದಬತ್ತಿಯ ತುಂಡನ್ನು ಜಿಪ್ಪಿನ ಹಲ್ಲುಗಳ ಮೇಲೆ ಉಜ್ಜಿ, ಇಕ್ಕಳದಲ್ಲಿ ಒಂದು ಹಿಸುಕು ಹಿಸುಕಿ, ಸರ್ರನೆ ಮುಚ್ಚಿ ತೆಗೆದು ವಾಪಸು ಕೊಡುತ್ತಾಳೆ. ಆಮೇಲೆ ಬೈಗುಳ ಇದ್ದೇ ಇದೆ. ಜಿಪ್ಪಿನ ಜೊತೆ ಬಲಪ್ರದರ್ಶನ ಮಾಡುವವರನ್ನು ಕಂಡರೆ ಅವಳಿಗಾಗದು. ವಯಸ್ಸು ಅರವತ್ತು ದಾಟಿದೆ; ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕು, ಬೈಯಲು ಏನೂ ಬೇಡ.

ಇಷ್ಟು ಜಿಪ್ಪುಗಳಿಗೆ ಜೀವ ಕೊಟ್ಟವಳ ಹೆಸರು ಕೆಟ್ಟಿದ್ದು ಒಂದೇ ಒಂದು ಜಿಪ್ಪಿನಿಂದ. ಅದು ಅವಳು ಹುಡುಗಿಯಾಗಿದ್ದಾಗ ಹೊಲಿದದ್ದು. ಹಿತ್ತಾಳೆಯದು, ಕುತ್ತಿಗೆಯಿಂದ ಸೊಂಟದವರೆಗೆ ಉದ್ದ, ಇದ್ದದ್ದು ಒಬ್ಬ ರಾಕ್ಷಸನ ಬೆನ್ನ ಮೇಲೆ. 'ಪಾಚಿ ರಕ್ಕಸನ ಪ್ರತೀಕಾರ' ಎಂಬ ಹಳೆಯ ಕಪ್ಪು ಬಿಳುಪು ಸಿನಿಮಾದ ಕೊನೆಯಲ್ಲಿ, ಬಾವಿಯ ತಳದಿಂದ ಎದ್ದು ಬಂದು ಊರಿಗೆ ಊರನ್ನೇ ನಡುಗಿಸಿದ ಆ ಪ್ರಾಣಿ ಕ್ಯಾಮೆರಾಕ್ಕೆ ಬೆನ್ನು ತಿರುಗಿಸುತ್ತದೆ. ಬೆನ್ನಿನ ನಟ್ಟನಡುವೆ ಪ್ರಯಾಣದ ಚೀಲಕ್ಕಿರುವಂಥ ಜಿಪ್ಪು ಫಳಫಳ ಹೊಳೆಯುತ್ತದೆ. ಅಷ್ಟರಲ್ಲಿ ದೀಪ ಓಲಾಡಿ, ಪಕ್ಕದಿಂದ ಹೆಂಗಸೊಬ್ಬಳ ಕೈ ನುಗ್ಗಿ ಬಂದು ಆ ಜಿಪ್ಪನ್ನು ಹಿಡಿದುಕೊಳ್ಳುತ್ತದೆ. ಬೆರಳಿಗೆ ದರ್ಜಿಗಳು ಸೂಜಿ ಚುಚ್ಚದಿರಲೆಂದು ಹಾಕುವ ಹಿತ್ತಾಳೆ ಟೊಪ್ಪಿ ಬೇರೆ. ತಕ್ಷಣ ಪರದೆಯ ಮೇಲೆ 'ಮುಗಿಯಿತು' ಎಂದು ಬರುತ್ತದೆ. ಕಥೆ ಹೇಗೆ ಮುಗಿಯಿತು, ರಕ್ಕಸ ಸತ್ತನೋ ಬದುಕಿದನೋ ಎಂದು ಕೇಳುವ ಹಾಗಿಲ್ಲ. ಈಗಿನವರು ಆ ತುಣುಕನ್ನು ಫೋನಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಆ ಕೈ ಜಿಪ್ಪಕ್ಕನದು. ಸಿನಿಮಾ ಅವಳ ಅಣ್ಣನದು. ಜಿಪ್ಪಿನ ಒಳಗಿದ್ದವನು ಈಗ ಅವಳ ಗಂಡ.

ಅಣ್ಣ ಫೋಟೋ ಸ್ಟುಡಿಯೋದವನು. ಅವನ ಸ್ವಭಾವ ತಿಳಿಯಬೇಕಾದರೆ ಆ ಊರಿನವರ ಗುರುತಿನ ಚೀಟಿಗಳನ್ನು ನೋಡಬೇಕು. ಅರ್ಧಕ್ಕರ್ಧ ಜನ ಕಣ್ಣು ಮುಚ್ಚಿಕೊಂಡಿದ್ದಾರೆ, ಕೆಲವರು ಸೀನುವುದಕ್ಕೆ ಹೊರಟಿದ್ದಾರೆ. ಅಣ್ಣ ಯಾರಿಗೂ ಎರಡನೇ ಸಲ ಕ್ಲಿಕ್ ಮಾಡಿದವನಲ್ಲ. ಫಿಲಂ ದಂಡ ಮಾಡುವುದು ಅವನ ಮಟ್ಟಿಗೆ ಅನ್ನ ಚೆಲ್ಲಿದಷ್ಟೇ ಪಾಪ. ಇಂಥವನಿಗೆ ಸಿನಿಮಾ ಮಾಡುವ ಹುಚ್ಚು ಹತ್ತಿತು, ಅದರಲ್ಲೂ ರಾಕ್ಷಸರ ಸಿನಿಮಾ. ಮನುಷ್ಯರ ಸಿನಿಮಾಕ್ಕೆ ಒಳ್ಳೆಯ ನಟರು ಬೇಕು, ರಾಕ್ಷಸನಾದರೆ ಒಳ್ಳೆಯ ಬಟ್ಟೆ ಸಾಕು, ಬಟ್ಟೆ ಹೊಲಿಯಲು ಮನೆಯಲ್ಲೇ ತಂಗಿ ಇದ್ದಾಳೆ ಎನ್ನುವುದು ಅವನ ಲೆಕ್ಕಾಚಾರ.

ಬಾಗಿಲು ಹಾಕಿದ್ದ ಒಂದು ಸೋಪಿನ ಗೋದಾಮು ಸ್ಟುಡಿಯೋ ಆಯಿತು. ರಕ್ಕಸನ ಚರ್ಮಕ್ಕೆ ಲಾರಿಯ ಟಾರ್ಪಾಲು, ಮಾಂಸಖಂಡಕ್ಕೆ ಹಳೇ ಬಸ್ಸಿನ ಸೀಟುಗಳ ಫೋಮು, ಹುರುಪೆಗೆ ಸೈಕಲ್ ಟ್ಯೂಬು, ಕಣ್ಣಿಗೆ ಸೈಕಲ್ಲಿನ ಹಿಂದಿರುವ ಕೆಂಪು ಗಾಜು. ಹಲ್ಲಿಗೆ ಏನೂ ಸಿಗದೆ ಗೋದಾಮಿನಲ್ಲೇ ಉಳಿದಿದ್ದ ಸೋಪಿನ ತುಂಡುಗಳನ್ನು ಕೆತ್ತಿದರು. ದೀಪದ ಬಿಸಿಗೆ ಒಳಗಿದ್ದವನ ಬೆವರು ಇಳಿದು ಸೋಪಿಗೆ ತಾಗಿ ರಕ್ಕಸನ ಬಾಯಲ್ಲಿ ಬುಸುಬುಸು ನೊರೆ ಬರತೊಡಗಿತು. ಅದನ್ನು ಕಂಡು ಟಾಕೀಸಿನಲ್ಲಿ ಜನ ಎದ್ದು ಓಡಿದ್ದುಂಟು. ಆ ನೊರೆ ತಾನೇ ತಿಂಗಳುಗಟ್ಟಲೆ ಯೋಚಿಸಿ ಕಂಡುಹಿಡಿದ ತಂತ್ರವೆಂದು ಅಣ್ಣ ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ, ಯಾರೂ ತಡೆಯಲು ಹೋಗಿಲ್ಲ.

ಒಳಗಿದ್ದವನು ಗೋದಾಮಿನ ಕಾವಲುಗಾರ. ಗೋದಾಮು ಬಾಡಿಗೆಗೆ ಹಿಡಿದಾಗ ಅವನೂ ಅದರ ಜೊತೆ ಬಂದ. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಮಾತು ಕಡಿಮೆ, ಯಾವುದಕ್ಕೂ ಇಲ್ಲ ಅನ್ನದ ಪೈಕಿ. ಅಳತೆ ತೆಗೆದುಕೊಳ್ಳಲು ಹೋದ ತಂಗಿ ಸ್ಟೂಲು ಹತ್ತಬೇಕಾಯಿತು. ಎದೆಯ ಮೇಲೆ ಹುರುಪೆ ಬರಬೇಕಾದ್ದರಿಂದ ಜಿಪ್ಪನ್ನು ಬೆನ್ನಿಗೆ ಇಟ್ಟಳು. ಅದನ್ನು ಮುಚ್ಚಿಡಲು ಒಂದು ಪಟ್ಟಿ ಹೊಲಿಯಬೇಕೆಂದಿದ್ದಳು, ಟಾರ್ಪಾಲು ಸಾಲಲಿಲ್ಲ. ಇನ್ನೊಂದು ತುಂಡು ತಂದುಕೊಡು ಎಂದರೆ ಅಣ್ಣ, ರಕ್ಕಸ ಬೆನ್ನು ತೋರಿಸಿದರೆ ತಾನೇ ಎಂದ. ಅಲ್ಲಿಂದ ಅದೇ ಕಾನೂನಾಯಿತು: ರಕ್ಕಸ ಎಲ್ಲಿಗೆ ಬಂದರೂ ಮುಖ ಮುಂದೆ ಮಾಡಿ ಬರಬೇಕು, ಹೋಗುವಾಗ ಹಿಂದೆ ಹಿಂದೆ ನಡೆದು ಹೋಗಬೇಕು.

ಅಣ್ಣ ತೆಗೆದ ಮೂರು ಸಿನಿಮಾಗಳಲ್ಲೂ ರಕ್ಕಸ ಹಾಗೇ ನಡೆದ. ಕೊಲೆ ಮಾಡಿ, ಗಾಜಿನ ಕಣ್ಣು ನಿಮ್ಮ ಮೇಲಿಂದ ತೆಗೆಯದೆ, ನಿಧಾನವಾಗಿ ಹಿಂದೆ ಸರಿದು ಕತ್ತಲಲ್ಲಿ ಕರಗುತ್ತಿದ್ದ. ಜನ ಹೆದರಿದ್ದು ಅದಕ್ಕೇ. ಓಡಿ ಹೋಗುವ ಪ್ರಾಣಿಗೆ ಯಾರೂ ಹೆದರುವುದಿಲ್ಲ, ನಿಮ್ಮನ್ನೇ ನೋಡುತ್ತ ಹೋಗುವುದು ಮತ್ತೆ ಬರುತ್ತದೆ. ಇದು ಯಾವ ನಿರ್ದೇಶಕನ ತಲೆಯಲ್ಲೂ ಹೊಳೆದದ್ದಲ್ಲ. ಒಂದು ಗೇಣು ಟಾರ್ಪಾಲು ಕಡಿಮೆ ಬಿದ್ದದ್ದು, ಅಷ್ಟೇ. ಕೈಯಲ್ಲಿ ಕಾಸಿಲ್ಲದವರ ಸಿನಿಮಾಗಳಲ್ಲಿ ನನಗೆ ಹಿಡಿಸುವುದೇ ಇದು. ಬಂಡೆ ಉರುಳಿ ಬಿದ್ದು ಚೆಂಡಿನ ಹಾಗೆ ಪುಟಿಯುತ್ತದೆ, ಸತ್ತವನ ಹೊಟ್ಟೆ ಏರಿಳಿಯುತ್ತದೆ, ಹಾರುವ ಬಾವಲಿಗೆ ಕಟ್ಟಿದ ದಾರ ಕಾಣುತ್ತದೆ, ಅರ್ಧರಾತ್ರಿ ಎಂದು ಹೇಳಿಕೊಂಡ ಸೀನಿನಲ್ಲಿ ಹಾಡಹಗಲ ಬಿಸಿಲಿಗೆ ಎಲ್ಲರ ನೆರಳೂ ನೆಲದ ಮೇಲೆ ಗೆರೆ ಎಳೆದಂತೆ ಬಿದ್ದಿರುತ್ತದೆ. ನಾಯಕಿ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರು. ರಕ್ಕಸ ಕುತ್ತಿಗೆಗೆ ಕೈ ಹಾಕಿದರೂ ಟ್ರಂಕ್ ಕಾಲ್ ಜೋಡಿಸುವ ಧಾಟಿಯಲ್ಲೇ ಕಿರುಚುತ್ತಾಳೆ. ಇದೆಲ್ಲ ಕೆಟ್ಟದ್ದೇ. ಕೆಟ್ಟದ್ದನ್ನು ಒಳ್ಳೆಯದು ಎನ್ನುವಷ್ಟು ನಾನು ಕುರುಡನಲ್ಲ. ಆದರೆ ಆ ಕೆಟ್ಟದ್ದರ ನಡುವೆ, ಯಾರೂ ಎಣಿಸದ ಕಡೆ, ಮೈ ಜುಂ ಎನ್ನಿಸುವ ಒಂದು ಗಳಿಗೆ ಬಂದುಬಿಡುತ್ತದೆ.

ರಕ್ಕಸ ಹಿಂದೆ ಹಿಂದೆ ನಡೆದು ಎಲ್ಲಿಗೆ ಹೋಗುತ್ತಿದ್ದ ಎಂಬುದು ಮಾತ್ರ ನೋಡಿದವರಿಗೆ ಗೊತ್ತಿರಲಿಲ್ಲ. ಸೆಟ್ಟಿನ ಗೋಡೆಯ ಹಿಂದೆ ತಂಗಿ ಮೇಣ, ಇಕ್ಕಳ, ಒಂದು ಚೊಂಬು ನೀರು ಇಟ್ಟುಕೊಂಡು ಕೂತಿರುತ್ತಿದ್ದಳು. ಅವನ ಬೆನ್ನು ನೇರ ಅವಳ ಕೈಗೆ ಬಂದು ತಾಗುತ್ತಿತ್ತು. ಒಳಗೆ ಗಾಳಿ ಇಲ್ಲ, ಫೋಮು ದನಿಯನ್ನೂ ನುಂಗುತ್ತದೆ, ಕೂಗಿದರೂ ಕೇಳದು. ಬೆನ್ನಿನ ಜಿಪ್ಪು ಅವನ ಕೈಗೆ ಎಟುಕದು. ಅದಕ್ಕೇ ಅವರಿಬ್ಬರ ನಡುವೆ ಒಂದು ಒಪ್ಪಂದ ಆಗಿತ್ತು. ಉಸಿರು ಕಟ್ಟಿದರೆ ನಾನಿರುವ ಕಡೆ ಬೆನ್ನು ಮಾಡು, ಮಿಕ್ಕಿದ್ದು ನನ್ನ ಕೆಲಸ ಎಂದು ಅವಳು ಹೇಳಿದ್ದಳು. ಅವನು ತಲೆ ಆಡಿಸಿದ್ದ, ರಕ್ಕಸನ ತಲೆ ಸಮೇತ. ಪ್ರತಿಸಲವೂ ಜಿಪ್ಪು ಸರ್ರನೆ ಇಳಿದು, ಬೆವರಿನಲ್ಲಿ ತೊಯ್ದ ಮುಖವೊಂದು ಹೊರಬಂದು ಮೊದಲು ನೋಡುತ್ತಿದ್ದದ್ದು ಅವಳನ್ನು. ಮೂರು ಸಿನಿಮಾ ಹೀಗೆ ನಡೆದ ಮೇಲೆ ಪ್ರೀತಿ ಹುಟ್ಟದಿದ್ದರೆ ಅದು ಆಶ್ಚರ್ಯದ ವಿಷಯ. ಅಣ್ಣನಿಗೆ ಮಾತ್ರ ಏನೂ ಕಾಣಲಿಲ್ಲ. ಅವನ ಕಣ್ಣು ಕ್ಯಾಮೆರಾದೊಳಗಿತ್ತು.

ಮೂರನೇ ಸಿನಿಮಾ, ಅಂದರೆ 'ಪಾಚಿ ರಕ್ಕಸನ ಪ್ರತೀಕಾರ'ದ ಕೊನೆಯ ದಿನ ದೀಪ ಹಿಡಿಯುವವನು ಬರಲಿಲ್ಲ. ಅಣ್ಣ ತಂಗಿಯನ್ನು ಗೋಡೆಯ ಹಿಂದಿನಿಂದ ಎಬ್ಬಿಸಿ, ಕ್ಯಾಮೆರಾದ ಪಕ್ಕದಲ್ಲಿ ದೀಪ ಹಿಡಿದು ನಿಲ್ಲಿಸಿದ. ಉಳಿದದ್ದು ಒಂದೇ ರೀಲು. ಎಚ್ಚರವಾಗಿದ್ದರೆ ಅದರಲ್ಲಿ ಒಂದು ಶಾಟನ್ನು ಎರಡು ಸಲ ತೆಗೆಯಬಹುದಿತ್ತು, ಆದರೆ ಅಣ್ಣನ ಪ್ರಕಾರ ಎರಡನೇ ಸಲ ಎನ್ನುವುದೇ ಇಲ್ಲ. ರಕ್ಕಸ ಬಾವಿಯ ಕಟ್ಟೆಯ ಮೇಲೆ ನಿಂತು ಗರ್ಜಿಸಬೇಕು, ಹಿಂದೆ ಸರಿದು ಬಾವಿಗೆ ಇಳಿಯಬೇಕು. ಹೊರಗೆ ಜನರೇಟರು ಕಿವಿ ಕಿತ್ತುಹೋಗುವ ಹಾಗೆ ಬಡಿದುಕೊಳ್ಳುತ್ತಿತ್ತು. ರಕ್ಕಸ ಗರ್ಜಿಸಿದ. ಆಮೇಲೆ ಒಂದು ಕ್ಷಣ ತೂರಾಡಿದ. ಹಿಂದೆ ಸರಿಯಲಿಲ್ಲ. ನಿಧಾನವಾಗಿ, ಕಾನೂನನ್ನೆಲ್ಲ ಗಾಳಿಗೆ ತೂರಿ, ಪೂರಾ ತಿರುಗಿ ನಿಂತ. ಬೆನ್ನು ಕ್ಯಾಮೆರಾಕ್ಕೆ ಬಂತು, ಯಾಕೆಂದರೆ ಅವಳು ಕ್ಯಾಮೆರಾದ ಪಕ್ಕದಲ್ಲಿದ್ದಳು.

ಅವಳು ದೀಪ ನೆಲಕ್ಕೆ ಹಾಕಿ ಓಡಿದಳು. ಅಲ್ಲಿಂದ ಮುಂದೆ ನಡೆದದ್ದು ಅವಳಿಗೆ ತುಂಡು ತುಂಡಾಗಿ ನೆನಪಿದೆ. ಅವನು ಕುಸಿದದ್ದು, ಜಿಪ್ಪು ಕಚ್ಚಿಕೊಂಡದ್ದು, ಇಕ್ಕಳ ಗೋಡೆಯ ಹಿಂದೆಯೇ ಉಳಿದದ್ದು. ಅವನು ಕಣ್ಣು ಬಿಟ್ಟ ಮೇಲೆ ತಾನು ಎದ್ದು ಹೋಗಿ ಅಣ್ಣನ ಮುಖಕ್ಕೆ ಬೆರಳು ತೋರಿಸಿ ಅಂದ ಮಾತು ಮಾತ್ರ ಚೆನ್ನಾಗಿ ನೆನಪಿದೆ.

"ನಿನಗೆ ಮನುಷ್ಯರು ಬೇಕಾಗಿಲ್ಲ. ನಿನಗೆ ರೀಲೇ ಹೆಚ್ಚು."

ಅಣ್ಣ ಕ್ಯಾಮೆರಾ ಬಿಚ್ಚಿ ನೋಡಿ, ರೀಲು ಮುಗೀತು, ನೀನು ನುಗ್ಗಿ ಸಿನಿಮಾ ಹಾಳು ಮಾಡಿದೆ ಎಂದಷ್ಟೇ ಹೇಳಿ ಹೊರಟುಹೋದ. ಇನ್ನೊಂದು ರೀಲು ತರುವ ತಾಕತ್ತು ಯಾರಿಗೂ ಇರಲಿಲ್ಲ. ಕೈ ನುಗ್ಗಿದಲ್ಲಿಗೇ ಕತ್ತರಿಸಿ ಸಿನಿಮಾ ಮುಗಿಸಿದ. ಅದಾದ ಮೇಲೆ ಅವನು ರಾಕ್ಷಸರನ್ನೂ ಬಿಟ್ಟ, ಸಿನಿಮಾವನ್ನೂ ಬಿಟ್ಟ. ತಂಗಿಯ ಮದುವೆಗೆ ಬಂದು ಒಂದೇ ಒಂದು ಫೋಟೋ ತೆಗೆದು ಊಟ ಮಾಡದೆ ಹೋದ. ಅದರಲ್ಲಿ ಮದುಮಕ್ಕಳಿಬ್ಬರ ಕಣ್ಣೂ ಮುಚ್ಚಿದೆ.

ಆಮೇಲೆ ಪೂರ್ತಿ ಮಾತು ಬಿಟ್ಟರು ಅಂತೇನಲ್ಲ. ಕಾಯಿಲೆ ಕಸಾಲೆಗೆ ಬಂದು ಹೋಗುವುದು, ಅಣ್ಣನ ಮಗಳ ಬಟ್ಟೆ ಜಿಪ್ಪಕ್ಕನೇ ಹೊಲಿಯುವುದು, ಇದೆಲ್ಲ ನಡೆದೇ ಇತ್ತು. ಭಾವಮೈದುನರಿಬ್ಬರೂ ಚೆನ್ನಾಗಿಯೇ ಇದ್ದರು. ಆದರೆ ಅಣ್ಣ ನಾಲ್ಕು ಜನರೆದುರು ಸಿನಿಮಾದ ಮಾತು ಬಂದಾಗಲೆಲ್ಲ, ಆ ಕೈ ಒಂದು ಬರದಿದ್ದರೆ ನನ್ನ ಕಥೆಯೇ ಬೇರೆ ಆಗಿರುತ್ತಿತ್ತು ಎನ್ನುತ್ತಿದ್ದ. ಅದು ಅವಳ ಕಿವಿಗೆ ಬೀಳುತ್ತಿತ್ತು. ಅವಳು ಸ್ಟುಡಿಯೋ ಮೆಟ್ಟಿಲು ಹತ್ತಲಿಲ್ಲ. ಫೋಟೋ ಬೇಕಾದಾಗ ಎರಡು ಬೀದಿ ಆಚೆ ಹೋಗಿ ತೆಗೆಸಿಕೊಂಡಳು. ತಾನು ಅಂದದ್ದು ಸರಿಯೇ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಒಡಹುಟ್ಟಿದವನ ಬಾಯಿಂದ ಆ ಮಾತು ಕೇಳಿದಾಗಲೆಲ್ಲ ಕೈಗೆ ಸಿಕ್ಕ ಜಿಪ್ಪನ್ನು ಸುಮ್ಮಸುಮ್ಮನೆ ಎಳೆದು ಮುಚ್ಚುತ್ತಿದ್ದಳು.

ಅಣ್ಣನ ಮಗಳು ಈಗ ಹಳೆಯ ಫಿಲಂಗಳನ್ನು ತೊಳೆದು, ಹರಿದದ್ದನ್ನು ಅಂಟಿಸಿ, ಕಂಪ್ಯೂಟರಿಗೆ ಏರಿಸುವ ಕಡೆ ಕೆಲಸಕ್ಕಿದ್ದಾಳೆ. ಒಂದು ದಿನ ಚೆನ್ನಾಗಿಯೇ ಇದ್ದ ಬ್ಯಾಗನ್ನು ರಿಪೇರಿಗೆಂದು ಹಿಡಿದುಕೊಂಡು ಅಂಗಡಿಗೆ ಬಂದಳು. ಜಿಪ್ಪಕ್ಕ ಜಿಪ್ಪನ್ನು ಒಂದು ಸಲ ಎಳೆದು ನೋಡಿ, ಬಂದ ಕೆಲಸ ಹೇಳು ಎಂದಳು. ಸೋದರಸೊಸೆ ಹೇಳಿದಳು: ಅಪ್ಪನ ಸಿನಿಮಾ ಹೊಸದಾಗಿ ತಯಾರಾಗಿದೆ, ಭಾನುವಾರ ಮ್ಯಾಟಿನಿಗೆ ಟಾಕೀಸಿನಲ್ಲಿ ಹಾಕುತ್ತಾರೆ, ಅತ್ತೆ ಮಾವ ಇಬ್ಬರೂ ಬರಬೇಕು. ಈಗಿನ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಅಳಿಸಬಹುದಂತೆ, ಬಾವಲಿಯ ದಾರ, ಸತ್ತವನ ಉಸಿರಾಟ, ಏನು ಬೇಕಾದರೂ.

"ಅಪ್ಪ ಎಲ್ಲಾ ಹಾಗೇ ಇರ್ಲಿ ಅಂದ್ರು, ಕಡೇ ಸೀನ್ ಬಿಟ್ಟು. ಅದನ್ನ ಮಾತ್ರ ಬದಲಾಯಿಸಿದ್ದಾರೆ. ಏನು ಅಂತ ನನ್ನ ಕೇಳ್ಬೇಡಿ ಅತ್ತೆ, ಆಣೆ ಹಾಕಿಸಿಕೊಂಡಿದ್ದಾರೆ."

ಜಿಪ್ಪಕ್ಕನಿಗೆ ಹೇಳಿಕೊಡಬೇಕಾಗಿರಲಿಲ್ಲ. ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟಳು. ಗುಂಡಿ ಹಚ್ಚುತ್ತ ಮೂಲೆಯಲ್ಲಿ ಕೂತಿದ್ದ ಗಂಡ ತಲೆ ಎತ್ತಿ ನೋಡಿದ.

"ಜಿಪ್ಪು ಅಳಿಸಿದ್ರೆ ಅಳಿಸ್ಲಿ, ಅದು ನನ್ನ ತಪ್ಪು. ಪಟ್ಟಿ ಹೊಲೀಬೇಕಾಗಿತ್ತು, ಹೊಲೀಲಿಲ್ಲ. ಆ ಕೈ ಮುಟ್ಟಕೂಡದು ಅಂತ ನಿಮ್ಮಪ್ಪನಿಗೆ ಹೇಳು. ಅದು ತಪ್ಪಲ್ಲ."

ಸೊಸೆ ಹೋಗಿ ಹೇಳಿದಳು. ಉತ್ತರ ಬರಲಿಲ್ಲ. ವಾರವೆಲ್ಲ ಜಿಪ್ಪಕ್ಕ ಗಿರಾಕಿಗಳಿಗೆ ಎರಡರಷ್ಟು ಬೈದಳು. ಗಂಡನಿಗೆ ಇದ್ಯಾವುದರ ಚಿಂತೆಯೂ ಇಲ್ಲ. ತಾನೇ ರಕ್ಕಸ ಎಂದು ಬೀದಿಯಲ್ಲೆಲ್ಲ ಹೇಳಿ, ಇಸ್ತ್ರಿ ಅಂಗಡಿಯವನನ್ನೂ ಟಿಕೆಟ್ಟಿಗೆ ಒಪ್ಪಿಸಿದ್ದ. ನಗುತ್ತಾರಲ್ಲ, ನಿನಗೇನೂ ಅನ್ನಿಸುವುದಿಲ್ಲವಾ ಎಂದು ಅವಳು ಕೇಳಿದರೆ, ಆಗ ಹೆದರಿದರು, ಈಗ ನಗುತ್ತಾರೆ, ಎರಡು ಸಲ ಸಂಬಳ ಬಂದ ಹಾಗಾಯಿತು ಎಂದ. ಕೈ ಅಳಿಸಿದರೆ ಏನು ಮಾಡುತ್ತೀ ಎಂದು ಮಾತ್ರ ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮನಸ್ಸಿನಲ್ಲಿ ನಿರ್ಧಾರ ಆಗಿತ್ತು. ಕೈ ಇಲ್ಲದಿದ್ದರೆ ಅಣ್ಣನ ಮನೆ ಹೊಸಿಲೂ ಇನ್ನು ಇಲ್ಲ.

ಭಾನುವಾರ ಟಾಕೀಸು ತುಂಬಿತ್ತು. ಸೊಸೆ ಅತ್ತೆಯನ್ನು ಬೇಕೆಂದೇ ನಡುವೆ ಕೂರಿಸಿದಳು, ಎಡಕ್ಕೆ ಗಂಡ, ಬಲಕ್ಕೆ ಅಣ್ಣ. ಅಣ್ಣ ಪರದೆಯಿಂದ ಕಣ್ಣು ತೆಗೆಯಲಿಲ್ಲ, ಇನ್ನೂ ಸಿನಿಮಾ ಶುರುವೇ ಆಗಿರಲಿಲ್ಲ. ಬಂಡೆ ಪುಟಿದಾಗ ಜನ ಹೋ ಎಂದರು. ಬಾವಲಿಯ ದಾರ ಕಂಡಾಗ ಚಪ್ಪಾಳೆ ತಟ್ಟಿದರು. ನಾಯಕಿ ಕಿರುಚಿದಾಗ ಯಾರೋ ಹಿಂದಿನಿಂದ ಹಲೋ ಎಂದರು. ಆದರೆ ರಕ್ಕಸ ಬಾಯಲ್ಲಿ ನೊರೆ ಸುರಿಸಿಕೊಂಡು, ಗಾಜಿನ ಕಣ್ಣು ಪಿಳುಕಿಸದೆ, ನಾಯಕಿಯ ಕೋಣೆಯಿಂದ ಹಿಂದೆ ಹಿಂದೆ ಸರಿದಾಗ ನಗು ತಾನಾಗಿ ಇಂಗಿತು. ಮುಂದಿನ ಸಾಲಿನಲ್ಲಿದ್ದ ಕಾಲೇಜು ಹುಡುಗಿ ಎರಡೂ ಕಾಲನ್ನು ಮೆಲ್ಲಗೆ ಸೀಟಿನ ಮೇಲೆ ಎತ್ತಿಟ್ಟುಕೊಂಡಳು. ಜಿಪ್ಪಕ್ಕ ಗಂಡನ ಮೊಣಕೈ ತಿವಿದು ಅದನ್ನು ತೋರಿಸಿದಳು. ಅವನು ಕೂತಲ್ಲೇ ಒಂದು ಇಂಚು ಉದ್ದವಾದ.

ಕೊನೆಯ ಸೀನು ಬಂತು. ಜನ ಕಾದಿದ್ದವರು, ಜಿಪ್ಪು ಜಿಪ್ಪು ಎಂದು ಕೂಗಲು ಶುರು ಮಾಡಿದರು. ರಕ್ಕಸ ಗರ್ಜಿಸಿದ, ತೂರಾಡಿದ, ತಿರುಗಿದ. ಜಿಪ್ಪು ಇತ್ತು. ಟಾಕೀಸು ಕಿತ್ತುಹೋಗುವ ಹಾಗೆ ನಗು. ಜಿಪ್ಪಕ್ಕ ನಗಲಿಲ್ಲ, ಉಸಿರನ್ನೂ ಬಿಡಲಿಲ್ಲ. ದೀಪ ಓಲಾಡಿತು. ಕೈ ಬಂತು, ಹಿತ್ತಾಳೆ ಟೊಪ್ಪಿ ಸಮೇತ.

'ಮುಗಿಯಿತು' ಬರಲಿಲ್ಲ.

ಕೈಯ ಹಿಂದೆ ತೋಳು ಬಂತು, ತೋಳಿನ ಹಿಂದೆ ಜಡೆ ಬಿಚ್ಚಿಹೋದ ಒಬ್ಬ ಹುಡುಗಿ ಬಂದಳು. ಶಬ್ದ ಇರಲಿಲ್ಲ. ನೆಲದ ಮೇಲೆ ಬಿದ್ದ ದೀಪದ ಬೆಳಕು ಕೆಳಗಿನಿಂದ ಅವಳ ಮುಖಕ್ಕೆ ಬೀಳುತ್ತಿತ್ತು. ರಕ್ಕಸ ಮಂಡಿಯೂರಿ ಕುಸಿದ. ಹುಡುಗಿ ಜಿಪ್ಪು ಎಳೆದಳು, ಬರಲಿಲ್ಲ. ಅವನ ಬೆನ್ನಿಗೆ ಮಂಡಿ ಕೊಟ್ಟು ಎಳೆದಳು, ಬರಲಿಲ್ಲ. ಬಗ್ಗಿ ಜಿಪ್ಪಿನ ಕೊಂಡಿಯನ್ನು ಹಲ್ಲಿನಲ್ಲಿ ಕಚ್ಚಿ ತಲೆ ಹಿಂದಕ್ಕೆ ಎಳೆದಳು, ಬಂತು. ಟಾರ್ಪಾಲಿನೊಳಗಿನಿಂದ ಸುಣ್ಣದಂತೆ ಬಿಳಚಿದ ಒಬ್ಬ ಹುಡುಗನ ತಲೆ ಹೊರಗೆ ಜೋತಿತು. ಅವಳು ಅವನ ಕೆನ್ನೆಗೆ ಬಾರಿಸಿದಳು, ಚೊಂಬು ತಂದು ನೀರು ಸುರಿದಳು, ಡೈಲಾಗಿನ ಹಾಳೆಗಳಿಂದ ಗಾಳಿ ಹಾಕಿದಳು, ಅವನನ್ನು ಎದೆಗೆ ಒತ್ತಿಕೊಂಡು ಬಾಯಿ ತೆರೆದು ಅತ್ತಳು. ಅವನು ಕಣ್ಣು ಬಿಟ್ಟ. ಅವಳನ್ನು ನೋಡಿ ನಕ್ಕ. ಆಮೇಲೆ ಅವಳು ಎದ್ದು, ಬೆರಳು ಎತ್ತಿ, ನೇರ ಕ್ಯಾಮೆರಾದ ಕಡೆಗೆ ಬಂದಳು. ಏನೋ ಬೈಯುತ್ತ ಹತ್ತಿರ ಹತ್ತಿರ ಬಂದಳು. ಅವಳ ಮುಖ ಪರದೆಯನ್ನೆಲ್ಲ ತುಂಬಿಕೊಂಡಿತು, ಮಸುಕಾಯಿತು, ತುಟಿ ಮಾತ್ರ ಆಡುತ್ತಿತ್ತು. ಆಗ ರೀಲು ಮುಗಿದು ಪರದೆ ಬೆಳ್ಳಗಾಯಿತು.

ಆಮೇಲೆ ಎಲ್ಲಿಂದಲೋ ಒಂದು ಸಿಳ್ಳೆ, ಅದರ ಹಿಂದೆ ಚಪ್ಪಾಳೆ.

"ಹಲ್ಲಲ್ಲಿ ಎಳೆದ್ಯಾ?" ಎಂದ ಗಂಡ. "ನನಗೆ ಗೊತ್ತೇ ಇರ್ಲಿಲ್ಲ ನೋಡು."

ಜಿಪ್ಪಕ್ಕ ಅವನ ಕೈ ಹಿಡಿದುಕೊಂಡು ಬಲಕ್ಕೆ ತಿರುಗಿದಳು. ಒಂದು ಶಾಟನ್ನು ಎರಡು ಸಲ ತೆಗೆಯುವಷ್ಟು ರೀಲು ಇತ್ತು. ತಾನು ನುಗ್ಗಿದ ಮೇಲೂ ಅದು ಉಳಿದಿತ್ತು. ನಿನಗೆ ರೀಲೇ ಹೆಚ್ಚು ಎಂದು ತಾನು ಬಾಯಿಗೆ ಬಂದಂತೆ ಅನ್ನುತ್ತಿದ್ದಾಗ, ಅವನು ಇದ್ದ ರೀಲನ್ನೆಲ್ಲ ತನಗೇ ಸುರಿಯುತ್ತಿದ್ದ; ಕತ್ತರಿಸಿದ ಆ ತುಂಡನ್ನು ಇಷ್ಟು ವರ್ಷ ಎತ್ತಿಟ್ಟುಕೊಂಡಿದ್ದ. ಜನರೇಟರಿನ ಗಲಾಟೆಯಲ್ಲಿ ಕ್ಯಾಮೆರಾ ಓಡುತ್ತಿದ್ದದ್ದು ಯಾರಿಗೂ ಕೇಳಿರಲಿಲ್ಲ.

"ಅಣ್ಣ, ನೀನು ನಿಲ್ಲಿಸಲೇ ಇಲ್ವಾ?"

"ನಿಲ್ಲಿಸೋಕೆ ಕೈ ಬರ್ಲಿಲ್ಲ ಕಣೇ," ಎಂದ ಅಣ್ಣ, ಬಿಳಿ ಪರದೆಯನ್ನೇ ನೋಡುತ್ತ. "ನೀನು ಬೈತಾ ಬಂದ್ಯಲ್ಲ, ಆಗಲೂ ಕ್ಯಾಮೆರಾ ಓಡಿಸ್ತಾನೇ ಇದ್ದೆ."

"ಇಷ್ಟು ವರ್ಷದಲ್ಲಿ ಒಂದ್ಸಲ ಹೇಳ್ಬಾರ್ದಿತ್ತಾ?"

"ಆ ಮಾತು ಅಂದವಳು ನೀನು. ನೀನು ಕೇಳ್ಬಾರ್ದಿತ್ತಾ?"

ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಬ್ಬರನ್ನೊಬ್ಬರು ಮೀರಿಸುವಂಥ ಹಟಮಾರಿಗಳು. ಜಿಪ್ಪಕ್ಕ ಅಲ್ಲೇ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ತಪ್ಪಾಯ್ತು ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ, ಬರುವ ಜಾತಿಯ ಬಾಯಿಗಳೂ ಅವಲ್ಲ.

ಮರುದಿನ ಅಂಗಡಿಗೆ ಬೀಗ ಹಾಕಿ, ಗಂಡನನ್ನು ಕರೆದುಕೊಂಡು ಅವಳು ಸ್ಟುಡಿಯೋ ಮೆಟ್ಟಿಲು ಹತ್ತಿದಳು. ಒಂದು ಫೋಟೋ ತೆಗೆದುಕೊಡು, ಮದುವೆಯದ್ದು ಸರಿಯಾಗಿಲ್ಲ ಎಂದಳು. ಅಣ್ಣ ಇಬ್ಬರನ್ನೂ ಪರದೆಯ ಮುಂದೆ ನಿಲ್ಲಿಸಿದ. ಭಾವನ ತಲೆ ಮೇಲೆ ಹೋಯಿತೆಂದು ಅವನನ್ನು ಸ್ಟೂಲಿನ ಮೇಲೆ ಕೂರಿಸಿದ, ತಂಗಿಯ ಕನ್ನಡಕ ನೆಟ್ಟಗೆ ಮಾಡಿದ, ಕ್ಲಿಕ್ ಮಾಡಿದ. ಬಗ್ಗಿ ನೋಡಿದ. ಅಣ್ಣನದು ಒಂದೇ ಕ್ಲಿಕ್ ಎಂದು ಗೊತ್ತಿದ್ದ ಜಿಪ್ಪಕ್ಕ ಹೊರಡಲು ಬ್ಯಾಗು ತೆಗೆದುಕೊಂಡಳು.

"ಎಲ್ಲಿಗೆ ಹೊರಟೆ, ನಿಂತ್ಕೋ," ಎಂದ ಅಣ್ಣ. "ಕಣ್ಣು ಮುಚ್ಚಿದ್ದೀಯ. ಇನ್ನೊಂದು ತೆಗೀತೀನಿ."